ಸಿಂಪಡಿಸುವ ಡ್ರೋನ್‌ಗೆ ಪಕ್ಕದ ಹೊಲವೂ ಕಾಣಬೇಕು

ಮಂಡ್ಯ ಸೀಮೆಯ ಗದ್ದೆ ಬಯಲಿಗೆ ಡ್ರೋನ್ ಬಂದಾಗಿದೆ. ಅದು ಬೇಡವೆನ್ನುವವರು, ಆಳೆತ್ತರ ದಾಟಿದ ಕಬ್ಬಿನೊಳಗೆ ಬೆನ್ನಿಗೆ ಕ್ಯಾನು ಹೊತ್ತು ಔಷಧಿ ಹೊಡೆಯುವ ಕೆಲಸ ಎಂಥದ್ದೆಂದು ಒಮ್ಮೆ ಯೋಚಿಸಬೇಕು. ನನ್ನ ತಕರಾರು ಯಂತ್ರದ ಮೇಲಲ್ಲ, ಅದಕ್ಕಾಗಿ ನಾವು ಮಾಡಿಕೊಂಡಿರುವ ನಿಯಮಗಳ ಮೇಲೆ. ಎಷ್ಟು ಎತ್ತರ ಹಾರಬೇಕು, ಯಾವ ವಲಯದಲ್ಲಿ ಹಾರಬಾರದು, ರಿಮೋಟ್ ಹಿಡಿದವರ ಬಳಿ ಯಾವ ಪ್ರಮಾಣಪತ್ರ ಇರಬೇಕು ಎಂಬುದನ್ನೆಲ್ಲ ಸರ್ಕಾರ ವಿವರವಾಗಿ ಬರೆದಿಟ್ಟಿದೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಯಂಥ ತುಂಡು ಹಿಡುವಳಿಯ ತಾಲೂಕುಗಳಲ್ಲಿ ಅಪಾಯ ಕಾದಿರುವುದು ಆಕಾಶದಲ್ಲಲ್ಲ, ಬದುವಿನ ಆಚೆ ಕಡೆ. ಒಬ್ಬರ ಕಬ್ಬಿಗೆ ಹೊಡೆದ ಔಷಧಿ ಇನ್ನೊಬ್ಬರ ಹಿಪ್ಪುನೇರಳೆ ಸೊಪ್ಪಿನ ಮೇಲೆ, ಮತ್ತೊಬ್ಬರ ಜೇನು ಪೆಟ್ಟಿಗೆಯ ಮೇಲೆ, ಮಗದೊಬ್ಬರ ಅಂಗಳದ ನೀರಿನ ತೊಟ್ಟಿಗೆ ಬೀಳುವ ನೆಲ ಇದು. ಆ ಪಕ್ಕದವರಿಗೆ ಹಿಂದಿನ ದಿನವೇ ಸುದ್ದಿ ಮುಟ್ಟಿಸುವ ಏರ್ಪಾಡು ಕಡ್ಡಾಯವಾಗಿ ಜಾರಿಯಾಗಬೇಕು, ಅದಾದ ಮೇಲಷ್ಟೇ ಡ್ರೋನ್ ಸಿಂಪಡಣೆಯನ್ನು ಹೋಬಳಿ ಹೋಬಳಿಗೆ ಹಬ್ಬಿಸಬೇಕು.

ಡ್ರೋನ್ ಪರವಾಗಿರುವ ಸಾಕ್ಷ್ಯವನ್ನು ಮೊದಲು ಒಪ್ಪಿಕೊಳ್ಳೋಣ, ಏಕೆಂದರೆ ಅದು ಗಟ್ಟಿಯಾಗಿದೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿ ಬೆಳೆಗೆ ಔಷಧಿ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ವಿಷವೇರಿ ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಆ ವರ್ಷ ಹತ್ತಿ ಗಿಡ ಆಳೆತ್ತರ ಬೆಳೆದು, ಸಿಂಪಡಿಸಿದ್ದು ಮುಖದ ಮಟ್ಟದಲ್ಲೇ ತೇಲುತ್ತಿತ್ತು. ಕಬ್ಬಿನಲ್ಲಿ ಇದು ಪ್ರತಿ ವರ್ಷದ ಸ್ಥಿತಿ. ಐದಾರು ತಿಂಗಳಾದ ಕಬ್ಬಿನೊಳಗೆ ಗಾಳಿಯಾಡುವುದಿಲ್ಲ, ಗರಿಯ ಅಂಚು ಮೈ ಕೊಯ್ಯುತ್ತದೆ, ಕ್ಯಾನು ಹೊತ್ತವನು ತಾನು ಹೊಡೆದದ್ದನ್ನೇ ಉಸಿರಾಡುತ್ತಾನೆ. ಡ್ರೋನ್ ಆ ಮನುಷ್ಯನನ್ನು ಕಬ್ಬಿನಿಂದ ಹೊರಗೆ ತಂದು ಬದುವಿನ ಮೇಲೆ ನಿಲ್ಲಿಸುತ್ತದೆ. 10 ಲೀಟರ್ ಟ್ಯಾಂಕಿನ ಯಂತ್ರ ಒಂದು ಎಕರೆಯನ್ನು ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತದೆ. ಕೈಪಂಪಿಗೆ ಎಕರೆಗೆ 150ರಿಂದ 200 ಲೀಟರ್ ನೀರು ಬೇಕಾದ ಕಡೆ ಇದಕ್ಕೆ 8ರಿಂದ 10 ಲೀಟರ್ ಸಾಕು. ಆಳು ಸಿಗದ ದಿನಗಳಲ್ಲಿ ಇದು ಸಣ್ಣ ಅನುಕೂಲವಲ್ಲ. 2023ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸಲು 1,261 ಕೋಟಿ ರೂಪಾಯಿ ಇಟ್ಟಿತು. ಬೆಲೆಯ ಶೇ 80ರಷ್ಟನ್ನು, ಗರಿಷ್ಠ 8 ಲಕ್ಷ ರೂಪಾಯಿವರೆಗೆ, ಸರ್ಕಾರವೇ ಭರಿಸುವುದೆಂದು ಅದು ಗೊತ್ತುಪಡಿಸಿತು. ಹಳ್ಳಿಯ ಹೆಣ್ಣುಮಗಳೊಬ್ಬಳು 15 ದಿನದ ತರಬೇತಿ ಪಡೆದು ಎಕರೆ ಲೆಕ್ಕದಲ್ಲಿ ಬಾಡಿಗೆಗೆ ಡ್ರೋನ್ ಹಾರಿಸಿ ಸಂಪಾದಿಸುವುದು ಕೃಷಿಯಲ್ಲಿ ಬಹಳ ಕಾಲದ ಮೇಲೆ ಬಂದಿರುವ ಒಳ್ಳೆಯ ಬದಲಾವಣೆ. ಆದರೆ ಯಂತ್ರದ ಬಗ್ಗೆ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ಈಗಲಾದರೂ ಕೇಳಬೇಕು.

ನಿಯಮಗಳು ಏನು ಹೇಳುತ್ತವೆ? 2021ರ ಆಗಸ್ಟ್ 25ರಂದು ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ ಪ್ರಕಟಿಸಿದ ಡ್ರೋನ್ ನಿಯಮಗಳು ಅದೇ ವರ್ಷದ ಮಾರ್ಚ್‌ನಲ್ಲಿ ಬಂದಿದ್ದ ಬಿಗಿ ನಿಯಮಗಳನ್ನು ತೆಗೆದುಹಾಕಿ ದಾರಿ ಸಲೀಸು ಮಾಡಿದವು. 25 ಇದ್ದ ಅರ್ಜಿ ನಮೂನೆಗಳು 5ಕ್ಕೆ ಇಳಿದವು, 72 ಬಗೆಯ ಶುಲ್ಕ 4 ಆಯಿತು. ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಹಂಚಲಾಯಿತು. ಹಸಿರು ವಲಯದಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಯಾರ ಅನುಮತಿಯೂ ಬೇಡ. ಹಳದಿಗೆ ವಾಯು ಸಂಚಾರ ನಿಯಂತ್ರಣದವರ ಒಪ್ಪಿಗೆ, ಕೆಂಪಿಗೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ವಿಮಾನ ನಿಲ್ದಾಣದ ಸುತ್ತ 45 ಕಿಲೋಮೀಟರ್ ಇದ್ದ ಹಳದಿ ವಲಯ 12 ಕಿಲೋಮೀಟರಿಗೆ ಕುಗ್ಗಿತು. ಆ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ನಕ್ಷೆಯಲ್ಲಿ ದೇಶದ ಆಕಾಶದ ಸುಮಾರು ಶೇ 90 ಭಾಗ ಹಸಿರಾಗಿತ್ತು. ತೂಕದ ಪ್ರಕಾರವೂ ವಿಂಗಡಣೆ ಇದೆ: 250 ಗ್ರಾಂವರೆಗಿನದು ನ್ಯಾನೊ, 2 ಕೆ.ಜಿ.ವರೆಗೆ ಮೈಕ್ರೊ, 25 ಕೆ.ಜಿ.ವರೆಗೆ ಸಣ್ಣದು, ಅದರಾಚೆ ಮಧ್ಯಮ ಮತ್ತು ದೊಡ್ಡದು. ಹೊಲಕ್ಕೆ ಬರುವ 10 ಲೀಟರ್ ಯಂತ್ರ ಟ್ಯಾಂಕು ತುಂಬಿದ ಮೇಲೂ ಸಾಮಾನ್ಯವಾಗಿ ಸಣ್ಣ ವರ್ಗದಲ್ಲೇ ಉಳಿಯುತ್ತದೆ. ಅದಕ್ಕೆ ನೋಂದಣಿ, ಮಾದರಿ ಪ್ರಮಾಣಪತ್ರ, ಮೂರನೇ ವ್ಯಕ್ತಿಯ ವಿಮೆ ಬೇಕು. ಹಾರಿಸುವವರಿಗೆ 18 ವರ್ಷ ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಅಧಿಕೃತ ತರಬೇತಿ ಸಂಸ್ಥೆಯಿಂದ ರಿಮೋಟ್ ಪೈಲಟ್ ಪ್ರಮಾಣಪತ್ರ ಪಡೆದಿರಬೇಕು. ತಪ್ಪಿದರೆ 1 ಲಕ್ಷ ರೂಪಾಯಿವರೆಗೆ ದಂಡ. ಇವೆಲ್ಲ ಬೇಕಾದವೇ. ಆದರೆ ಔಷಧಿ ಹೊಡೆಯುವ ಡ್ರೋನ್ ಬೆಳೆಯ ತುದಿಯಿಂದ ಎರಡು ಮೂರು ಮೀಟರ್ ಮೇಲಷ್ಟೇ ಹಾರುತ್ತದೆ. 120 ಮೀಟರಿನ ಮಿತಿ ಅದಕ್ಕೆ ತಾಗುವುದೇ ಇಲ್ಲ. ಭದ್ರತೆಯ ಕಾರಣಕ್ಕೆ ಪೊಲೀಸ್ ವರಿಷ್ಠಾಧಿಕಾರಿ ಒಂದು ಜಾಗದ ಆಕಾಶವನ್ನು 96 ಗಂಟೆ ಕಾಲ ತಾತ್ಕಾಲಿಕ ಕೆಂಪು ವಲಯವೆಂದು ಮುಚ್ಚಿಸಬಹುದು. ಆದರೆ ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಬಾರಿ ಪೊರೆ ಕಳಚಿದ, ರೇಷ್ಮೆ ಹುಳು ಮನೆಯಲ್ಲಿಟ್ಟುಕೊಂಡ ರೈತನಿಗೆ ತನ್ನ ತೋಟದ ಪಕ್ಕ ಒಂದು ವಾರ ಹಾರಾಟ ನಿಲ್ಲಿಸಿ ಎಂದು ಕೇಳಲು ಅದೇ ನಿಯಮಗಳಲ್ಲಿ ಜಾಗವಿಲ್ಲ. ವಲಯದ ನಕ್ಷೆಯಲ್ಲಿ ವಿಮಾನ ನಿಲ್ದಾಣ ಕಾಣುತ್ತದೆ, ಹಿಪ್ಪುನೇರಳೆ ತೋಟ ಕಾಣುವುದಿಲ್ಲ.

ಡ್ರೋನ್‌ನ ದೊಡ್ಡ ಅನುಕೂಲವಾದ ನೀರಿನ ಉಳಿತಾಯದಲ್ಲೇ ಪಕ್ಕದ ಹೊಲದ ಅಪಾಯವೂ ಅಡಗಿದೆ. ಎಕರೆಗೆ ಬೇಕಾದ ಔಷಧಿಯ ಪ್ರಮಾಣ ಅಷ್ಟೇ, ನೀರು ಮಾತ್ರ ಹದಿನೈದನೇ ಒಂದು ಭಾಗ. ಅಂದಮೇಲೆ ಟ್ಯಾಂಕಿನಲ್ಲಿರುವ ದ್ರಾವಣ ಕ್ಯಾನಿನಲ್ಲಿ ಇರುವುದಕ್ಕಿಂತ ಕಡಿಮೆಯೆಂದರೂ ಹದಿನೈದು ಪಟ್ಟು ಗಾಢ. ಅಷ್ಟು ಕಡಿಮೆ ನೀರು ಇಡೀ ಎಕರೆಯನ್ನು ಮುಟ್ಟಬೇಕಾದರೆ ಹನಿ ನುಣ್ಣಗಿರಬೇಕು. ನುಣ್ಣನೆಯ ಹನಿ ಗಾಳಿಯಲ್ಲಿ ಹೆಚ್ಚು ದೂರ ಹೋಗುತ್ತದೆ. ಬೆಳೆಯ ಮೇಲೆ ಎರಡು ಮೀಟರಿನಲ್ಲಿ ಹಾರಬೇಕಾದ ಯಂತ್ರವನ್ನು ತೆಂಗಿನ ಮರ, ವಿದ್ಯುತ್ ತಂತಿಯ ಭಯಕ್ಕೆ ಐದು ಮೀಟರಿಗೆ ಏರಿಸಿದರೆ ಆ ದೂರ ಇನ್ನೂ ಹೆಚ್ಚುತ್ತದೆ. ಗಾಳಿ ಸೆಕೆಂಡಿಗೆ ಮೂರರಿಂದ ಐದು ಮೀಟರ್ ದಾಟಿದರೆ ಕೆಲಸ ನಿಲ್ಲಿಸಬೇಕೆಂಬುದು ಇದನ್ನು ಬಲ್ಲವರೆಲ್ಲ ಒಪ್ಪುವ ಮಾತು. ನಮ್ಮಲ್ಲಿ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ನಾಟಿ ಶುರುವಾಗುವ ಹೊತ್ತಿಗೇ ಆಷಾಢದ ಗಾಳಿ ಬೀಸುತ್ತಿರುತ್ತದೆ. ಇನ್ನು ಹಿಡುವಳಿ. ಕರ್ನಾಟಕದ ಸರಾಸರಿ ಹಿಡುವಳಿ 2015–16ರ ಕೃಷಿ ಗಣತಿಯ ಪ್ರಕಾರ 1.36 ಹೆಕ್ಟೇರ್. ನಾಲಾ ಬಯಲಿನಲ್ಲಿ ಅಣ್ಣತಮ್ಮಂದಿರ ಪಾಲಾಗಿ ಎಕರೆ, ಅರ್ಧ ಎಕರೆ, ಹತ್ತು ಗುಂಟೆಗೆ ಇಳಿದ ತುಂಡುಗಳೇ ಹೆಚ್ಚು. ಅಮೆರಿಕದ ನೂರಾರು ಎಕರೆಯ ಜೋಳದ ಹೊಲದಲ್ಲಿ ಇಪ್ಪತ್ತು ಮೀಟರ್ ಆಚೆ ಹಾರಿದ ಹನಿ ಅದೇ ರೈತನ ಜೋಳದ ಮೇಲೇ ಬೀಳುತ್ತದೆ. ಇಲ್ಲಿ ಇಪ್ಪತ್ತು ಮೀಟರ್ ಆಚೆ ಇನ್ನೊಬ್ಬರ ಜಮೀನು, ಇನ್ನೊಂದು ಬೆಳೆ. ಮಂಡ್ಯ ನಗರಕ್ಕೆ ಸೇರಿಹೋಗಿರುವ ಗುತ್ತಲಿನಂಥ ಕಡೆ ಅದು ಇನ್ನೊಬ್ಬರ ಮನೆಯ ಮಹಡಿಯೂ ಆಗಬಹುದು, ಒಣಗಲು ಹಾಕಿದ ಬಟ್ಟೆಯೂ ಆಗಬಹುದು.

ಎಲ್ಲ ಬೆಳೆಗಳ ಪೈಕಿ ರೇಷ್ಮೆಯ ಸ್ಥಿತಿ ಅತಿ ಸೂಕ್ಷ್ಮ. ಮದ್ದೂರು, ಮಳವಳ್ಳಿ ತಾಲೂಕುಗಳಲ್ಲಿ ಕಬ್ಬು, ಭತ್ತ, ರಾಗಿಯ ನಡುವೆಯೇ ಹಿಪ್ಪುನೇರಳೆ ಇದೆ. ಒಂದು ಬೆಳೆ ಹುಳು ಚಾಕಿಯಿಂದ (ಎಳೆ ಹುಳುವಿನ ಹಂತ) ಹಣ್ಣಾಗುವವರೆಗೆ ಹೆಚ್ಚುಕಡಿಮೆ 25 ದಿನ. ಹುಳು ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇ 80ಕ್ಕಿಂತ ಹೆಚ್ಚು ಪಾಲು ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನಗಳದ್ದು. ಆ ದಿನಗಳಲ್ಲಿ ತೋಟದಿಂದ ಕೊಯ್ದ ಸೊಪ್ಪು ನೇರವಾಗಿ ಹುಳು ಮನೆಗೆ ಹೋಗುತ್ತದೆ, ಕಾಯಲು ಸಮಯವಿರುವುದಿಲ್ಲ. ರೇಷ್ಮೆ ಹುಳು ತಾನೇ ಒಂದು ಕಂಬಳಿಹುಳು. ಕಬ್ಬಿನ ಸುಳಿ ಕೊರಕವನ್ನೂ ಭತ್ತದ ಕಾಂಡ ಕೊರಕವನ್ನೂ ಕೊಲ್ಲಲು ತಯಾರಾದ ಔಷಧಿಗಳು ಕೊಲ್ಲುವುದು ಪತಂಗದ ಜಾತಿಯ ಮರಿಗಳನ್ನು. ರೇಷ್ಮೆ ಹುಳುವೂ ಅದೇ ಜಾತಿ. ಇಂದು ಎರಡೂ ಬೆಳೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಕ್ಲೋರಾಂಟ್ರಾನಿಲಿಪ್ರೋಲ್ ಮನುಷ್ಯರಿಗೆ ಹಳೆಯ ಔಷಧಿಗಳಷ್ಟು ಅಪಾಯಕಾರಿಯಲ್ಲ. ರೇಷ್ಮೆ ಹುಳುವಿಗೆ ಮಾತ್ರ ಅದು ಅತ್ಯಲ್ಪ ಪ್ರಮಾಣದಲ್ಲೂ ಮಾರಕ, ಎಲೆಯ ಮೇಲೆ ಬಹಳ ದಿನ ಉಳಿಯುವಂಥದ್ದು ಕೂಡ. ವಿಷ ತಾಗಿದ ಹುಳು ತಲೆ ಆಡಿಸುತ್ತ ಬಾಯಿಂದ ರಸ ಕಾರಿ ಕುಗ್ಗಿ ಸಾಯುತ್ತದೆ. ಪ್ರಮಾಣ ಇನ್ನೂ ಕಡಿಮೆಯಿದ್ದರೆ ಸಾಯದೆ ಹಣ್ಣಾಗುತ್ತದೆ, ಚಂದ್ರಿಕೆಗೆ ಬಿಟ್ಟ ಮೇಲೆ ಗೂಡು ಸರಿಯಾಗಿ ಕಟ್ಟುವುದಿಲ್ಲ. ಹಾಗಾದಾಗ ರೈತ ರೋಗವೆಂದುಕೊಳ್ಳುತ್ತಾನೆ, ಚಾಕಿ ಕೊಟ್ಟವರನ್ನು ಬೈಯುತ್ತಾನೆ. ನಾಲ್ಕು ದಿನದ ಹಿಂದೆ ಮೂರನೇ ಹೊಲದಲ್ಲಿ ಹತ್ತು ನಿಮಿಷ ಹಾರಿಹೋದ ಯಂತ್ರದ ನೆನಪು ಅವನಿಗೆ ಬರುವುದಿಲ್ಲ.

ಇದು ಊಹೆಯ ಭಯವಲ್ಲ, ಇನ್ನೊಂದು ರೇಷ್ಮೆ ಸೀಮೆ ಇದನ್ನು ಅನುಭವಿಸಿದೆ. ಉತ್ತರ ಇಟಲಿಯ ವೆನೆಟೊ ಪ್ರದೇಶ ಯುರೋಪಿನ ಹಳೆಯ ರೇಷ್ಮೆ ನಾಡು. 1980ರ ದಶಕದ ಕೊನೆಗೆ ಅಲ್ಲಿ ಹುಳುಗಳು ಹಣ್ಣಾಗುವ ಹೊತ್ತಿಗೆ ಗೂಡು ಕಟ್ಟುವುದನ್ನೇ ನಿಲ್ಲಿಸಿದವು. ರೋಗವೆಂದು ಹುಡುಕಿದ ವಿಜ್ಞಾನಿಗಳಿಗೆ ಕೊನೆಗೆ ಸಿಕ್ಕಿದ್ದು ಹಣ್ಣಿನ ತೋಟಗಳಲ್ಲಿ ಬಳಸುತ್ತಿದ್ದ ಫೆನಾಕ್ಸಿಕಾರ್ಬ್ ಎಂಬ ಕೀಟ ಬೆಳವಣಿಗೆ ನಿಯಂತ್ರಕ. ತೋಟದಿಂದ ಗಾಳಿಯಲ್ಲಿ ತೇಲಿ ಹಿಪ್ಪುನೇರಳೆ ಎಲೆಯ ಮೇಲೆ ಬಿದ್ದ ಅತಿ ಕಡಿಮೆ ಅಂಶವೇ ಅಷ್ಟು ಕೆಲಸ ಮಾಡಿತ್ತು. ಅಲ್ಲಿಯ ರೇಷ್ಮೆ ಉತ್ಪಾದನೆ ಅದರ ಹೊಡೆತಕ್ಕೆ ನೆಲಕಚ್ಚಿತು. ಹೊಡೆದವರೂ ರೈತರೇ. ಹಣ್ಣಿನ ತೋಟದವನು ತನ್ನ ಬೆಳೆ ನೋಡಿಕೊಂಡ, ಅಷ್ಟೆ. ಪಕ್ಕದ ಬೆಳೆಯನ್ನೂ ನೋಡುವ ಹೊಣೆ ಯಾರ ಮೇಲೂ ಇರಲಿಲ್ಲ.

ಆ ಹೊಣೆಯನ್ನು ಹೊರಿಸುವ ಕಾನೂನು ನಮ್ಮಲ್ಲಿ ಐವತ್ತು ವರ್ಷದ ಹಿಂದೆಯೇ ಬಂದಿದೆ. 1968ರ ಕೀಟನಾಶಕ ಕಾಯ್ದೆಯಡಿ 1971ರಲ್ಲಿ ರೂಪಿಸಿದ ನಿಯಮಗಳ 43ನೇ ನಿಯಮ ಆಕಾಶದಿಂದ ಔಷಧಿ ಸಿಂಪಡಿಸುವುದರ ಕುರಿತದ್ದು. ಸಿಂಪಡಿಸುವ ಜಾಗವನ್ನು ಗುರುತು ಮಾಡುವುದು ಹಾರಿಸುವವರ ಜವಾಬ್ದಾರಿ, ಒಪ್ಪಿಗೆ ಪಡೆದ ಔಷಧಿಯನ್ನು ಒಪ್ಪಿಗೆಯಾದ ಸಾಂದ್ರತೆ ಮತ್ತು ಎತ್ತರದಲ್ಲೇ ಬಳಸಬೇಕು, ಸಂಬಂಧವಿಲ್ಲದ ಜನ ಮತ್ತು ಜಾನುವಾರು ಆ ಜಾಗಕ್ಕೆ ಹೋಗದಂತೆ ತಡೆಯಬೇಕು, ಕನಿಷ್ಠ 24 ಗಂಟೆ ಮೊದಲು ಸಕ್ಷಮ ಅಧಿಕಾರಿಗಳ ಮೂಲಕ ಸಾರ್ವಜನಿಕರಿಗೆ ತಿಳಿಸಬೇಕು ಎಂದು ಅದು ಹೇಳುತ್ತದೆ. ವಿಮಾನ, ಹೆಲಿಕಾಪ್ಟರ್ ಕಾಲದಲ್ಲಿ ಬರೆದ ಮಾತು, ಡ್ರೋನ್‌ಗೂ ಅಷ್ಟೇ ಹೊಂದುತ್ತದೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಡ್ರೋನ್ ಸಿಂಪಡಣೆಗೆ ಹೊರಡಿಸಿದ ಕಾರ್ಯವಿಧಾನದಲ್ಲೂ ಹವಾಮಾನ, ಅಂತರ, ಸಿಂಪಡಣೆಯ ಮೊದಲು ಮತ್ತು ನಂತರದ ಎಚ್ಚರಿಕೆಗಳಿವೆ. 2022ರ ಏಪ್ರಿಲ್‌ನಲ್ಲಿ ಈಗಾಗಲೇ ನೋಂದಣಿಯಾಗಿದ್ದ 477 ಪೀಡೆನಾಶಕಗಳನ್ನು ಡ್ರೋನ್ ಮೂಲಕ ಬಳಸಲು ಎರಡು ವರ್ಷದ ಮಧ್ಯಂತರ ಅನುಮತಿ ಸಿಕ್ಕಿದಾಗ ಈ ಎಚ್ಚರಿಕೆಗಳ ತೂಕ ಇನ್ನೂ ಹೆಚ್ಚಾಯಿತು. ಕೊರತೆ ಇರುವುದು ಒಂದೇ ಕಡೆ: ‘ಸಕ್ಷಮ ಅಧಿಕಾರಿ’ ಎಂದರೆ ಹಳ್ಳಿಯಲ್ಲಿ ಯಾರು, ಅವರು ಯಾರಿಗೆ, ಹೇಗೆ ತಿಳಿಸಬೇಕು, ತಿಳಿಸದಿದ್ದರೆ ಏನು ಎಂಬುದನ್ನು ಹೋಬಳಿ ಮಟ್ಟದಲ್ಲಿ ಗಟ್ಟಿ ಮಾಡಿಲ್ಲ.

ಆ ಗಟ್ಟಿತನ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕನ್ನಡಿಗರಿಗೆ ಬೇರೆ ದೇಶದ ಉದಾಹರಣೆ ಕೊಟ್ಟು ಹೇಳಬೇಕಾಗಿಲ್ಲ. ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆ ಮತ್ತು ಸುತ್ತಲಿನ ಊರುಗಳ ಮೇಲೆ, ಕೇರಳದ ಸರ್ಕಾರಿ ತೋಟ ನಿಗಮದ ಗೇರು ತೋಟಗಳಿಗೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಜನರೂ ಅದನ್ನೇ ಉಂಡರು. ಗುಡ್ಡದ ಮೇಲೆ ತೋಟ, ಕಣಿವೆಯಲ್ಲಿ ಮನೆ, ಸುರಂಗದ ನೀರು, ತೆರೆದ ಬಾವಿ. ಜೇನು ಸತ್ತಿದ್ದು, ಕರುಗಳು ಅಂಗವಿಕಲವಾಗಿ ಹುಟ್ಟಿದ್ದು ಮೊದಲು ಕಂಡಿದ್ದು ಅಲ್ಲಿಯ ರೈತರಿಗೆ. ಪಡ್ರೆಯವರೇ ಆದ ಪತ್ರಕರ್ತ ಶ್ರೀ ಪಡ್ರೆ ಮತ್ತು ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಅದನ್ನು ಹೊರಜಗತ್ತಿಗೆ ಹೇಳಿದರು. ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ನಿಲ್ಲಿಸಿದ್ದು 2011ರ ಮೇ 13ರಂದು. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿದ್ದು 2017ರಲ್ಲಿ. 24 ಗಂಟೆ ಮೊದಲು ಜನರಿಗೆ ತಿಳಿಸಬೇಕೆಂಬ ನಿಯಮ ಆ ಎರಡು ದಶಕವೂ ಪುಸ್ತಕದಲ್ಲಿತ್ತು.

ಡ್ರೋನ್ ಬೆಂಬಲಿಗರು ಈ ಹೋಲಿಕೆಯನ್ನು ಒಪ್ಪುವುದಿಲ್ಲ, ಅವರ ಮಾತಿನಲ್ಲಿ ಹುರುಳಿದೆ. ಎಂಡೋಸಲ್ಫಾನ್ ಬೇರೆ, ಇಂದಿನ ಔಷಧಿಗಳು ಬೇರೆ. ಸಾವಿರಾರು ಎಕರೆಯ ಮೇಲೆ ಸುರಿಯುವ ಹೆಲಿಕಾಪ್ಟರ್ ಬೇರೆ, ಉಪಗ್ರಹದ ಸ್ಥಾನ ಸಂಕೇತ ಹಿಡಿದು ಗೆರೆ ತಪ್ಪದೆ ಹಾರುವ ಯಂತ್ರ ಬೇರೆ. ಡ್ರೋನ್‌ನ ರೆಕ್ಕೆಯ ಗಾಳಿ ಹನಿಯನ್ನು ಕೆಳಕ್ಕೆ ಒತ್ತುತ್ತದೆ, ಮೋಟಾರು ಪಂಪಿನ ಗನ್ ಹಿಡಿದು ಮೇಲಕ್ಕೆ ಚಿಮ್ಮಿಸುವವರಿಗಿಂತ ಇದೇ ವಾಸಿ ಎಂದೂ ಅವರು ಹೇಳುತ್ತಾರೆ. ಒಳ್ಳೆಯ ಚಾಲಕ, ಸರಿಯಾದ ನಳಿಕೆ, ಗಾಳಿಯಿಲ್ಲದ ಮುಂಜಾವು, ಎರಡು ಮೀಟರ್ ಎತ್ತರ, ಇಷ್ಟೂ ಕೂಡಿಬಂದರೆ ಆ ಮಾತು ನಿಜ. ದಿನಕ್ಕೆ ಇಪ್ಪತ್ತು ಎಕರೆ ಮುಗಿಸಿದರೆ ಮಾತ್ರ ಬ್ಯಾಟರಿಯ ಖರ್ಚು, ಸಾಲದ ಕಂತು ಹುಟ್ಟುವ ವ್ಯವಹಾರದಲ್ಲಿ ಇವೆಲ್ಲ ಪ್ರತಿ ಹೊಲದಲ್ಲೂ ಕೂಡಿಬರುವುದಿಲ್ಲ. ಹನ್ನೊಂದು ಗಂಟೆಗೆ ಗಾಳಿ ಎದ್ದಿತೆಂದು ಕೆಲಸ ನಿಲ್ಲಿಸಿ ಮನೆಗೆ ಹೋಗುವಷ್ಟು ಅನುಕೂಲ ಬಾಡಿಗೆಗೆ ಹಾರಿಸುವವರಿಗೆ ಇರುವುದಿಲ್ಲ. ಮೇಲಾಗಿ ಕೈಪಂಪಿನವನು ಪಕ್ಕದ ಹೊಲದವನಿಗೆ ಕಣ್ಣೆದುರು ಇರುತ್ತಾನೆ. ಅರ್ಧ ದಿನ ಹೊಡೆಯುತ್ತಾನೆ, ‘ಏನಣ್ಣ ಹೊಡೀತಿರೋದು?’ ಎಂದು ಕೇಳಬಹುದು, ಆ ಸಾಲಿನ ಸೊಪ್ಪು ಕೊಯ್ಯದೆ ಬಿಡಬಹುದು. ಡ್ರೋನ್ ಹತ್ತು ನಿಮಿಷದಲ್ಲಿ ಬಂದು ಹೋಗಿರುತ್ತದೆ. ಕೆಲಸ ವೇಗವಾದಷ್ಟೂ ಮುನ್ಸೂಚನೆಯ ಅಗತ್ಯ ಹೆಚ್ಚು.

ಪೋಷಕಾಂಶ ಸಿಂಪಡಿಸುವುದಕ್ಕೂ ಇಷ್ಟೊಂದು ಕಟ್ಟುಪಾಡು ಏಕೆ ಎಂಬ ಆಕ್ಷೇಪವೂ ಇದೆ. ನ್ಯಾನೊ ಯೂರಿಯಾ ಹೊಡೆಯಲು ಊರಿಗೆಲ್ಲ ಸಾರಬೇಕಾಗಿಲ್ಲ, ನಿಜ. ಗೊಬ್ಬರದ ಕೆಲಸಕ್ಕೆ ವಿನಾಯಿತಿ ಇರಲಿ. ಒಂದು ಷರತ್ತು ಮಾತ್ರ ಬೇಕು: ನಿನ್ನೆ ಕೊರಕದ ಔಷಧಿ ತುಂಬಿದ್ದ ಟ್ಯಾಂಕು, ಪೈಪು, ನಳಿಕೆಗಳನ್ನು ತೊಳೆಯದೆ ಇಂದು ಹಿಪ್ಪುನೇರಳೆಯ ಪಕ್ಕ ಯೂರಿಯಾ ಹೊಡೆಯಬಾರದು, ತೊಳೆದ ನೀರನ್ನು ನಾಲೆಗೆ, ಕೆರೆಗೆ ಬಿಡಬಾರದು. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆ ಮರಗಳ ಮೇಲೆ ಗೂಡು ಕಟ್ಟುವ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಶಿಂಷಾ ನದಿ ಮತ್ತು ಸುತ್ತಲಿನ ಕೆರೆಗಳ ಮೀನನ್ನೇ ಮರಿಗಳಿಗೆ ತರುತ್ತವೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಆ ಮೀನಿರುವ ನೀರಿನ ಮೇಲೆ ಏನು ಬೀಳುತ್ತದೆ ಎಂಬುದು ಆ ಊರಿನವರೂ ಕೇಳಬೇಕಾದ ಪ್ರಶ್ನೆ.

ಹಾಗಾದರೆ ಮಾಡಬೇಕಾದ್ದೇನು? ಯುರೋಪ್ ಒಕ್ಕೂಟ 2009ರ ನಿರ್ದೇಶನದಲ್ಲಿ ಆಕಾಶದಿಂದ ಔಷಧಿ ಸಿಂಪಡಿಸುವುದನ್ನೇ ನಿಷೇಧಿಸಿ, ವಿಶೇಷ ಸಂದರ್ಭಕ್ಕೆ ಮಾತ್ರ ಬಾಗಿಲು ತೆರೆದಿಟ್ಟಿತು. ಜಪಾನ್ 1980ರ ದಶಕದ ಕೊನೆಯಿಂದ ಭತ್ತದ ಗದ್ದೆಗಳಿಗೆ ಮನುಷ್ಯರಿಲ್ಲದ ಪುಟ್ಟ ಹೆಲಿಕಾಪ್ಟರ್‌ಗಳಿಂದ ಔಷಧಿ ಹೊಡೆಯುತ್ತ ಬಂದಿದೆ. ಅಲ್ಲಿಯ ಮಾರ್ಗಸೂಚಿ ಸುತ್ತಲಿನ ನಿವಾಸಿಗಳಿಗೆ, ಜೇನು ಸಾಕುವವರಿಗೆ, ಸಾವಯವ ಕೃಷಿಕರಿಗೆ ಮೊದಲೇ ಮಾಹಿತಿ ಕೊಡಲು ಹೇಳುತ್ತದೆ. ಸಣ್ಣ ಗದ್ದೆಗಳ ನಾಡಾದ ಜಪಾನಿನ ದಾರಿ ನಮಗೆ ಹೆಚ್ಚು ಹೊಂದುತ್ತದೆ, ನಮ್ಮದೇ 1971ರ ನಿಯಮವೂ ಅದನ್ನೇ ಹೇಳಿದೆ. ಅದಕ್ಕೆ ಬೇಕಾದ ಸಾಮಗ್ರಿ ಕರ್ನಾಟಕದಲ್ಲಿ ಸಿದ್ಧವಿದೆ. ಪ್ರತಿ ಹಂಗಾಮಿನಲ್ಲಿ ಬೆಳೆ ಸಮೀಕ್ಷೆ ನಡೆದು, ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂಬುದು ಚಿತ್ರ ಸಮೇತ ದಾಖಲಾಗುತ್ತದೆ. ರೈತರ ಗುರುತು, ಜಮೀನಿನ ವಿವರ ಫ್ರೂಟ್ಸ್ ತಂತ್ರಾಂಶದಲ್ಲಿದೆ. ಹಿಪ್ಪುನೇರಳೆ ಬೆಳೆಗಾರರ ಪಟ್ಟಿ ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರಗಳಲ್ಲಿ ಇದೆ. ಡ್ರೋನ್ ಬಾಡಿಗೆಗೆ ಬುಕ್ ಮಾಡುವಾಗಲೇ ಸರ್ವೆ ನಂಬರ್ ಮತ್ತು ಔಷಧಿಯ ಹೆಸರು ಕೊಡುವುದು ಕಡ್ಡಾಯವಾಗಲಿ. ಸುತ್ತಲಿನ ಸರ್ವೆ ನಂಬರುಗಳವರ ಮೊಬೈಲಿಗೆ ಹಿಂದಿನ ದಿನವೇ ಸಂದೇಶ ಹೋಗಲಿ. ಹಿಪ್ಪುನೇರಳೆ ಇರುವಲ್ಲಿ ರೇಷ್ಮೆ ವಿಸ್ತರಣಾಧಿಕಾರಿಗೂ ಹೋಗಲಿ. ಮೊಬೈಲ್ ನೋಡದವರಿಗಾಗಿ ಪಂಚಾಯಿತಿಯ ಕಸದ ಗಾಡಿಯ ಮೈಕು ಇದೆ. ಹಿಂದೆ ನಾಲೆಗೆ ನೀರು ಬಿಡುವುದನ್ನು ತಮಟೆ ಹೊಡೆಸಿ ಸಾರುತ್ತಿದ್ದ ಊರುಗಳಿಗೆ ಇದು ಹೊಸ ಪದ್ಧತಿಯೇನಲ್ಲ.

ಪಂಚಾಯಿತಿಯನ್ನು ನಡುವೆ ತಂದರೆ ಅದೊಂದು ಸುಂಕದ ಕಟ್ಟೆಯಾಗುತ್ತದೆ, ಪ್ರತಿ ಹಾರಾಟಕ್ಕೂ ಯಾರದೋ ಕೈ ಬೆಚ್ಚಗೆ ಮಾಡಬೇಕಾಗುತ್ತದೆ ಎಂಬ ಭಯ ಸುಳ್ಳಲ್ಲ. ಅದಕ್ಕಾಗಿಯೇ ಇದು ಅನುಮತಿ ಆಗಬಾರದು, ಬರೀ ತಿಳಿವಳಿಕೆಯಾಗಿರಬೇಕು. ಯಾರೂ ಸಹಿ ಹಾಕಬೇಕಾಗಿಲ್ಲ, ಯಾರೂ ತಡೆಯಲು ಬರುವುದಿಲ್ಲ. ಸಂದೇಶ ಹೋದ ದಾಖಲೆ ಇದ್ದರೆ ಸಾಕು. ಒಂದು ದಿನ ಕಾದರೆ ಕೊರಕ ಬೆಳೆ ತಿಂದುಬಿಡುತ್ತದೆ ಎಂಬ ಮಾತಿಗೂ ಉತ್ತರವಿದೆ. ಡ್ರೋನ್ ಬುಕ್ ಮಾಡಿದ ಗಳಿಗೆಯಲ್ಲೇ ಬರುವುದಿಲ್ಲ, ಬುಕ್ ಮಾಡಿದ್ದಕ್ಕೂ ಯಂತ್ರ ಬರುವುದಕ್ಕೂ ನಡುವಿನ ಅವಧಿಯಲ್ಲೇ ಈ ಕೆಲಸ ಮುಗಿಯುತ್ತದೆ. ನಿಯಮದ ಮೇಲೆ ನಿಯಮ ಹೇರಿದರೆ ಹೊಸ ತಂತ್ರಜ್ಞಾನ ಸಾಯುತ್ತದೆ ಎನ್ನುವವರು 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಜನಾಭಿಪ್ರಾಯಕ್ಕೆ ಬಿಟ್ಟ ನಾಗರಿಕ ಡ್ರೋನ್ ಮಸೂದೆಯ ಕರಡನ್ನು ಪ್ರಶ್ನಿಸಲಿ. ಜೈಲು ಶಿಕ್ಷೆಯವರೆಗೆ ಹೋಗುವ ಆ ಕರಡಿನ ಬಗ್ಗೆ ಅವರ ಭಯ ನ್ಯಾಯವಾದದ್ದೇ. ಡ್ರೋನ್ ದೀದಿಯೊಬ್ಬಳನ್ನು ಕಾಗದದ ತಪ್ಪಿಗೆ ಪೊಲೀಸ್ ಠಾಣೆಗೆ ಅಲೆಸುವುದರಿಂದ ಒಂದು ಹುಳುವೂ ಉಳಿಯುವುದಿಲ್ಲ.

ಇನ್ನೊಂದು ಆತಂಕ ಇದಕ್ಕಿಂತ ಆಳವಾದದ್ದು. ಸಿಂಪಡಣೆ ಸುಲಭವಾದರೆ ಸಿಂಪಡಣೆಯೇ ಹೆಚ್ಚುತ್ತದೆ. ಆಳೆತ್ತರದ ಕಬ್ಬಿಗೆ ಔಷಧಿ ಹೊಡೆಯಲಾಗದು ಎಂಬ ಕಷ್ಟವೇ ಇಷ್ಟು ಕಾಲ ಅದರೊಳಗೆ ಜೇಡ, ಪರಭಕ್ಷಕ ಕೀಟಗಳಿಗೆ ಆಸರೆಯಾಗಿತ್ತು. 2002ರ ಸುಮಾರಿಗೆ ಮಹಾರಾಷ್ಟ್ರ, ಕರ್ನಾಟಕದ ಕಬ್ಬಿಗೆ ಬಿಳಿ ಉಣ್ಣೆ ಹೇನು ಮುತ್ತಿದಾಗ ಔಷಧಿ ಸೋತಿತು. ಡಿಫಾ ಮತ್ತು ಮೈಕ್ರೋಮಸ್ ಎಂಬ ಕೀಟಭಕ್ಷಕಗಳನ್ನು ಹೊಲಗಳಿಗೆ ಬಿಟ್ಟು, ಅವು ಹೆಚ್ಚುವಂತೆ ಮಾಡಿದ ಮೇಲೆ ಹೇನು ಹತೋಟಿಗೆ ಬಂತು. ಇಂದು ಅದೇ ಪಿಡುಗು ಬಂದಿದ್ದರೆ ಮೊದಲ ವಾರದಲ್ಲೇ ಡ್ರೋನ್ ತರಿಸಿ ಹೇನಿನ ಜೊತೆ ಆ ಭಕ್ಷಕಗಳನ್ನೂ ಮುಗಿಸಿಬಿಡುತ್ತಿದ್ದೆವೇನೋ. ಕೊರಕದ ಮೊಟ್ಟೆಯನ್ನು ತಿನ್ನುವ ಟ್ರೈಕೋಗ್ರಾಮಾ ಪರತಂತ್ರ ಜೀವಿಯನ್ನು ಆಕಾಶದಿಂದ ಹೊಲಕ್ಕೆ ಉದುರಿಸಲೂ ಅದೇ ಡ್ರೋನ್ ಬರುತ್ತದೆ. ಸಹಾಯಧನ ಕೊಡುವ ಸರ್ಕಾರ ವಿಷ ಹೊಡೆಯುವ ಎಕರೆಗಿಂತ ಇಂಥ ಎಕರೆಗೆ ಹೆಚ್ಚು ಕೊಡಬೇಕು.

ಪರಿಹಾರದ ಪ್ರಶ್ನೆಯನ್ನೂ ಈಗಲೇ ಬಗೆಹರಿಸಿಕೊಳ್ಳಬೇಕು. 2021ರ ನಿಯಮಗಳು ಡ್ರೋನ್‌ನ ಮೂರನೇ ವ್ಯಕ್ತಿ ವಿಮೆಗೂ ನಷ್ಟ ಪರಿಹಾರಕ್ಕೂ ಮೋಟಾರು ವಾಹನ ಕಾಯ್ದೆಯ ದಾರಿಯನ್ನೇ ಹಿಡಿದಿವೆ. ಯಂತ್ರ ಬಿದ್ದು ಹೆಂಚು ಒಡೆದರೆ, ಎತ್ತಿಗೆ ಗಾಯವಾದರೆ ಲೆಕ್ಕ ಸುಲಭ. ತೇಲಿಬಂದ ಔಷಧಿಯಿಂದ ನೂರು ಮೊಟ್ಟೆಯ ರೇಷ್ಮೆ ಬೆಳೆ ಹಾಳಾದರೆ ಅದು ಆ ವಿಮೆಯೊಳಗೆ ಬರುತ್ತದೆಂದು ಪಾಲಿಸಿಯಲ್ಲೇ ಸ್ಪಷ್ಟವಾಗಿ ಬರೆಸಬೇಕು. ಆ ದಿನ ಯಾವ ಸರ್ವೆ ನಂಬರಿನ ಮೇಲೆ, ಯಾವ ಎತ್ತರದಲ್ಲಿ, ಎಷ್ಟು ಹೊತ್ತಿಗೆ ಹಾರಿತು ಎಂಬುದು ಯಂತ್ರದ ನೆನಪಿನಲ್ಲೇ ಇರುತ್ತದೆ. ಕೈಪಂಪಿನ ಕಾಲದಲ್ಲಿ ಸಿಗದಿದ್ದ ಈ ಸಾಕ್ಷ್ಯ ತೊಂದರೆಗೊಳಗಾದ ರೈತನಿಗೆ ಸಿಗುವಂತಾಗಬೇಕು. ತಪ್ಪಿಲ್ಲದೆ ಹಾರಿಸಿದ ಚಾಲಕಿಯನ್ನೂ ಇದೇ ಸಾಕ್ಷ್ಯ ಕಾಪಾಡುತ್ತದೆ.

ಹಿಪ್ಪುನೇರಳೆಯಿಂದ ಎಷ್ಟು ಮೀಟರ್ ದೂರ ಬಿಡಬೇಕು? ಬೇರೆ ದೇಶದ ಗಾಳಿಯಲ್ಲಿ ಅಳೆದ ಅಂಕಿಯನ್ನು ತಂದು ಇಲ್ಲಿ ನಿಯಮ ಮಾಡುವುದು ಸರಿಯಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಕಬ್ಬು, ಭತ್ತ ಬಲ್ಲ ಕೃಷಿ ವಿಜ್ಞಾನಿಗಳಿದ್ದಾರೆ. ಹೆದ್ದಾರಿಯಲ್ಲಿ ಒಂದು ಗಂಟೆ ಸಾಗಿದರೆ ಮೈಸೂರಿನಲ್ಲಿ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇದೆ. ಇಬ್ಬರೂ ಸೇರಿ ಮಳವಳ್ಳಿಯ ನಿಜವಾದ ತುಂಡು ಹೊಲಗಳಲ್ಲಿ, ಆಷಾಢದ ಗಾಳಿಯಲ್ಲೂ ಮಾಗಿಯ ಮುಂಜಾವಿನಲ್ಲೂ ಡ್ರೋನ್ ಹಾರಿಸಿ, ಐದು, ಹತ್ತು, ಇಪ್ಪತ್ತು, ಐವತ್ತು ಮೀಟರಿನ ಸೊಪ್ಪನ್ನು ಹುಳುವಿಗೆ ಹಾಕಿ ನೋಡಲಿ. ಒಂದೆರಡು ಹಂಗಾಮಿನಲ್ಲಿ ಉತ್ತರ ಸಿಗುವ ಪ್ರಯೋಗ ಅದು. ಉತ್ತರ ಬರುವವರೆಗೆ ಹಿಪ್ಪುನೇರಳೆ ತೋಟಕ್ಕೆ ತಾಗಿದ ಕಬ್ಬು, ಭತ್ತದ ತುಂಡುಗಳಿಗೆ ಕೀಟನಾಶಕ ಹೊಡೆಯುವ ಡ್ರೋನ್ ಬಾಡಿಗೆಗೆ ಕೊಡಬಾರದೆಂದು ಕೃಷಿ ಇಲಾಖೆ ತನ್ನ ಬಾಡಿಗೆ ಕೇಂದ್ರಗಳಿಗೆ ಒಂದು ಸುತ್ತೋಲೆ ಕಳಿಸಿದರೆ ಸಾಕು, ಮುಂದಿನ ನಾಟಿಗೆ ಮೊದಲೇ ಅದನ್ನು ಮಾಡಬಹುದು.